ಹಳೆಯ ಲಾರಿಯ ಡೀಸೆಲ್ ದಾರಿ: ಪಂಪು ಬಿಚ್ಚಿಸುವ ಮೊದಲು

ಕೊಯ್ಲು ಹತ್ತಿರ ಬಂದಂತೆ ಸಂಘದ ಕಛೇರಿಗೆ ಬರುವ ಸದಸ್ಯರ ಮಾತು ಆಳುಗಳ ಅಭಾವದಿಂದ ಆರಂಭವಾಗಿ ಲಾರಿಯ ಕಾಟದಲ್ಲಿ ಮುಗಿಯುವುದು ವಾಡಿಕೆ. ನಮ್ಮಲ್ಲಿ ಹೊಸ ವಾಹನ ಕೊಂಡವರು ಕೆಲವರೇ. ಉಳಿದವರ ಅಂಗಳದಲ್ಲಿ ನಿಂತಿರುವುದು ಹಳೆಯ ಮಾದರಿಯ ಟಾಟಾ 407, ಇಲ್ಲವೇ ಎರಡನೆಯವರಿಂದಲೋ ಮೂರನೆಯವರಿಂದಲೋ ಕೈಗೆ ಬಂದ ದೊಡ್ಡ ಲಾರಿ. ಗೊಬ್ಬರ ತರುವುದಕ್ಕೆ, ಹಣ್ಣನ್ನು ಪಲ್ಪರ್ ಮನೆಗೆ ಸಾಗಿಸುವುದಕ್ಕೆ, ಒಣಗಿದ ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೂ ಅಡಿಕೆಯನ್ನು ಮಂಡಿಗೂ ಮುಟ್ಟಿಸುವುದಕ್ಕೆ ಅದೇ ಆಧಾರ. ಹೊಸದನ್ನು ಕೊಳ್ಳೋಣವೆಂದರೆ ಕಂತು ಕಟ್ಟುವುದು ಯಾರು? ಆದ್ದರಿಂದ ಇರುವುದನ್ನೇ ನೆಟ್ಟಗೆ ಇಟ್ಟುಕೊಳ್ಳುವ ಬಗೆ ಹೇಗೆಂಬುದನ್ನು ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿತು. ಲಾರಿಯ ಎಲ್ಲ ಕಾಯಿಲೆಗಳನ್ನೂ ಹೇಳಲು ಇಲ್ಲಿ ಸ್ಥಳವಿಲ್ಲ. ಟ್ಯಾಂಕಿನಿಂದ ನಾಜಲ್‌ವರೆಗೆ ಡೀಸೆಲ್ ಸಾಗುವ ದಾರಿಯೊಂದನ್ನೇ ಹಿಡಿದು ನೋಡೋಣ. ಸದಸ್ಯರ ಹಣ ಅನಾವಶ್ಯಕವಾಗಿ ಪೋಲಾಗುತ್ತಿರುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ಹಣ್ಣು ಲಾರಿಗಾಗಿ ಕಾಯುವುದಿಲ್ಲ. ಬೆಳಿಗ್ಗೆ ಕುಯ್ದ ಅರೇಬಿಕಾ ಹಣ್ಣು ಅಂದೇ ಪಲ್ಪರಿಗೆ ಬೀಳದಿದ್ದರೆ ಚೀಲದಲ್ಲಿಯೇ ಬಿಸಿಯೇರಿ ಹುಳಿಯುತ್ತದೆ. ಆ ವಾಸನೆ ಕುಡಿಯುವವನ ಬಟ್ಟಲಿನವರೆಗೂ ಹೋಗುತ್ತದೆ. ಹಸಿ ಅಡಿಕೆಯನ್ನೂ ರಾಶಿ ಹಾಕಿ ಬಹಳ ಹೊತ್ತು ಇಡುವಂತಿಲ್ಲ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. 407ರಂತಹ ಹಳೆಯ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮು ಎಂಜಿನ್ ತಿರುಗುವುದರಿಂದಲೇ ಹುಟ್ಟುವುದು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಹೊರೆ ತುಂಬಿದ ವಾಹನ ಏರಿನಲ್ಲಿ ಡೀಸೆಲ್ ಬಾರದೆ ನಿಂತರೆ, ಒಂದೆರಡು ಸಲ ಪೆಡಲು ತುಳಿಯುವಷ್ಟರಲ್ಲಿ ಇದ್ದ ವ್ಯಾಕ್ಯೂಮು ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿ. ಗಾಡಿ ಹಿಂದಕ್ಕೆ ಜಾರತೊಡಗಿದರೆ ಗತಿಯೇನು? ಹೀಗೆ ನಿಂತಾಗ ಪದೇ ಪದೇ ಬ್ರೇಕು ತುಳಿಯದೆ, ಒಮ್ಮೆ ಒತ್ತಿ ಹಿಡಿದು, ಕೈಬ್ರೇಕು ಎಳೆದು, ಗೇರಿನಲ್ಲಿಟ್ಟು, ಕ್ಲೀನರನಿಂದ ಚಕ್ರಕ್ಕೆ ಅಡ್ಡ ಕೊಡಿಸಬೇಕು. ಅಡ್ಡ ಕೊಡುವ ಮರದ ತುಂಡು ಸೀಟಿನ ಕೆಳಗೆ ಯಾವಾಗಲೂ ಇರಲಿ. ರಸ್ತೆಬದಿಯ ಕಲ್ಲನ್ನು ಹುಡುಕುವಷ್ಟು ಹೊತ್ತು ಘಾಟಿಯಲ್ಲಿ ಸಿಕ್ಕುವುದಿಲ್ಲ.

ಬಾವಿಯ ಪಂಪ್‌ಸೆಟ್ಟೇ ಇದಕ್ಕೂ ಗುರು

ಡೀಸೆಲ್ ದಾರಿ ಮೂರು ಭಾಗ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆದುಕೊಳ್ಳುವ ಭಾಗ. ಫೀಡ್ ಪಂಪಿನಿಂದ ಎರಡು ಫಿಲ್ಟರುಗಳ ಮೂಲಕ ದೊಡ್ಡ ಪಂಪಿನ ಬಾಗಿಲವರೆಗೆ ಮೆಲ್ಲನೆ ತಳ್ಳುವ ಭಾಗ. ಅಲ್ಲಿಂದ ನಾಜಲ್‌ವರೆಗೆ ಅತಿ ಒತ್ತಡದ ಭಾಗ. ಮೊದಲೆರಡು ಭಾಗಗಳಲ್ಲಿ ಇರುವುದು ರಬ್ಬರು, ವಾಷರು, ಕಾಗದದ ಫಿಲ್ಟರು, ಕ್ಲಿಪ್ಪು, ಎಲ್ಲವೂ ಅಗ್ಗ. ಮೂರನೆಯದರಲ್ಲಿ ಇರುವುದೆಲ್ಲ ದುಬಾರಿ. ಗಾಡಿ ಕೈಕೊಟ್ಟಾಗ ನಮ್ಮ ಕಣ್ಣು ಮಾತ್ರ ಮೊದಲು ದುಬಾರಿಯದರ ಮೇಲೆಯೇ ಬೀಳುತ್ತದೆ.

ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಳೆಯಿಂದ ನೀರೆತ್ತುವ ಪಂಪಿನ ಸಕ್ಷನ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಏನಾಗುತ್ತದೆ? ಪಂಪು ಓಡುವಾಗ ಅಲ್ಲಿ ಒಂದು ಹನಿ ನೀರೂ ಹೊರಗೆ ಕಾಣುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ, ಪಂಪು ನೀರು ಬಿಡುತ್ತದೆ. ಡೆಲಿವರಿ ಪೈಪಿನ ತೂತಾದರೋ ಕಾರಂಜಿಯಂತೆ ಚಿಮ್ಮಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಲಾರಿಯಲ್ಲೂ ಇದೇ ನ್ಯಾಯ. ಫೀಡ್ ಪಂಪು ದಾಟಿದ ಮೇಲಿನ ಸೋರಿಕೆ ಒದ್ದೆಯಾಗಿ ಕಣ್ಣಿಗೆ ಬೀಳುತ್ತದೆ. ಫೀಡ್ ಪಂಪಿಗಿಂತ ಹಿಂದಿನ ಸೋರಿಕೆ ಒಣಗಿಯೇ ಇರುತ್ತದೆ, ಗಾಳಿಯನ್ನು ಕುಡಿಯುತ್ತದೆ. 'ಎಲ್ಲೂ ಲೀಕ್ ಇಲ್ಲ ಸಾರ್' ಎಂದು ಡ್ರೈವರು ಪ್ರಾಮಾಣಿಕವಾಗಿಯೇ ಹೇಳುತ್ತಾನೆ.

ಗಾಳಿ ಒಳಹೊಕ್ಕರೆ ಇಷ್ಟೆಲ್ಲ ಅನಾಹುತ ಏಕೆ? ದೊಡ್ಡ ಪಂಪಿನ ಪ್ಲಂಜರು ಡೀಸೆಲ್ಲನ್ನು ಒತ್ತಿ ನಾಜಲ್ ತೆರೆಸಬೇಕು. ನೇರ ಇಂಜೆಕ್ಷನ್ನಿನ ಹಳೆಯ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವ ಒತ್ತಡ ಸುಮಾರು 200 ಬಾರ್ ಆಸುಪಾಸಿನಲ್ಲಿರುತ್ತದೆ. ಡೀಸೆಲ್ಲನ್ನು ಒತ್ತಿದರೆ ಒತ್ತಡ ಏರುತ್ತದೆ. ಗಾಳಿಯ ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ. ನಾಜಲ್ ತೆರೆಯುವುದಿಲ್ಲ, ಎಂಜಿನ್ ಹತ್ತುವುದಿಲ್ಲ. ಇದನ್ನೇ ಏರ್ ಲಾಕ್ ಎನ್ನುವುದು.

ಇನ್ನು ಧೂಳು ಮತ್ತು ನೀರು. ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವೆ ಇರುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಮನುಷ್ಯನ ತಲೆಗೂದಲು ಅದೇ ಲೆಕ್ಕದಲ್ಲಿ ಸುಮಾರು ಎಪ್ಪತ್ತು ಭಾಗ ದಪ್ಪ. ಅಂತಹ ಸಂದಿಗೆ ನಮ್ಮ ಕೆಮ್ಮಣ್ಣಿನ ಧೂಳು ಹೊಕ್ಕರೆ ಅರೆಯುವ ಕಲ್ಲಾಗುತ್ತದೆ. ನೀರು ನಿಂತರೆ ತುಕ್ಕು ಹಿಡಿಯುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಾರ್ಖಾನೆಯ ಪಂಪುಗಳು ನಮ್ಮ ದೇಶದ ಲಾರಿಗಳಲ್ಲಿ ದಶಕಗಟ್ಟಲೆ ದುಡಿದಿವೆ, ಇನ್ನೂ ದುಡಿಯುತ್ತಿವೆ. ಶುದ್ಧವಾದ ಡೀಸೆಲ್ ಸಿಕ್ಕಿದರೆ ಅವು ಅಷ್ಟು ಸುಲಭವಾಗಿ ಕೆಡುವ ವಸ್ತುಗಳಲ್ಲ.

ಒಂದು ಲಾರಿಯ ಕಥೆ

ನಮ್ಮ ಸದಸ್ಯರೊಬ್ಬರ 407 ಹಿಂದೊಂದು ಕೊಯ್ಲಿನಲ್ಲಿ ಹೊಸ ತರಹದ ರೋಗ ಹಿಡಿಸಿಕೊಂಡಿತು. ಬೆಳಿಗ್ಗೆ ಸಲೀಸಾಗಿ ಹೊರಡುವುದು. ಐದಾರು ಮೈಲಿ ಹೋದ ಮೇಲೆ ಎಳೆತ ಕಡಿಮೆಯಾಗಿ ಏರಿನಲ್ಲಿ ಗುಕ್ಕುಗುಕ್ಕು ಎಂದು ನಿಲ್ಲುವುದು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗದಂತೆ ಹೊರಡುವುದು. ಪೇಟೆಯ ಗ್ಯಾರೇಜೊಂದರಲ್ಲಿ 'ಪಂಪ್ ಹೋಗಿದೆ ಸಾರ್, ಇಳಿಸ್ಲೇಬೇಕು' ಎಂದರು. ಪಂಪು ಇಳಿಯಿತು, ಪ್ಲಂಜರುಗಳು ಹೊಸದಾದವು, ಕ್ಯಾಲಿಬ್ರೇಶನ್ ಆಯಿತು, ಹತ್ತು ದಿನ ಗಾಡಿ ನಿಂತಿತು. ಹಣ್ಣು ಸಾಗಿಸಲು ಬಾಡಿಗೆ ಜೀಪು ಹಿಡಿದದ್ದು ಬೇರೆ. ಗಾಡಿ ಗ್ಯಾರೇಜಿನಿಂದ ಹೊರಬಂದ ದಿನವೇ ಅದೇ ಏರಿನಲ್ಲಿ, ಅದೇ ತಿರುವಿನಲ್ಲಿ ಮತ್ತೆ ನಿಂತಿತು!

ಕೊನೆಗೆ ಗೊತ್ತಾದದ್ದು ಇಷ್ಟೆ: ಟ್ಯಾಂಕಿನ ಮುಚ್ಚಳ ಕಳೆದುಹೋಗಿ ಯಾರೋ ಬೇರೊಂದು ಗಾಡಿಯ ಮುಚ್ಚಳ ಹಾಕಿದ್ದರು. ಅದರಲ್ಲಿ ಗಾಳಿಯಾಡುವ ಕಂಡಿ ಇರಲಿಲ್ಲ. ಟ್ಯಾಂಕಿನ ಮೇಲಿನ ಗಾಳಿಕೊಳವೆಯೂ ಕೆಸರಿನಿಂದ ಮುಚ್ಚಿತ್ತು. ಡೀಸೆಲ್ ಖಾಲಿಯಾದಂತೆಲ್ಲ ಟ್ಯಾಂಕಿನೊಳಗೆ ಗಾಳಿ ತುಂಬಿಕೊಳ್ಳಬೇಕಷ್ಟೆ? ಅದಕ್ಕೆ ದಾರಿಯಿಲ್ಲದೆ ಒಳಗೆ ನಿರ್ವಾತವಾಗಿ ಫೀಡ್ ಪಂಪು ಎಷ್ಟು ಎಳೆದರೂ ಡೀಸೆಲ್ ಬಾರದು. ನಿಲ್ಲಿಸಿದರೆ ಎಲ್ಲಿಂದಲೋ ಸ್ವಲ್ಪ ಗಾಳಿ ನುಸುಳಿ ಮತ್ತೆ ಸರಿಹೋಗುವುದು. ಕಾಫಿ ಡಬ್ಬಿಗೆ ಒಂದೇ ತೂತು ಮಾಡಿ ಎಣ್ಣೆ ಸುರಿಯಲು ಹೊರಟಂತೆ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ ಕಿವಿಗೊಟ್ಟಿದ್ದರೆ 'ಸುಯ್' ಎಂಬ ಶಬ್ದವೇ ರೋಗವನ್ನು ಹೇಳುತ್ತಿತ್ತು. ಪಂಪಿಗೆ ಸುರಿದ ಹಣ ಹಿಂದಕ್ಕೆ ಬರಲಿಲ್ಲ. ಗ್ಯಾರೇಜಿನವರ ದುರುದ್ದೇಶವೆಂದು ನಾನು ಹೇಳುವುದಿಲ್ಲ. ಪಂಪು ಕೆಲಸದವರಿಗೆ ಎಲ್ಲ ರೋಗವೂ ಪಂಪಿನದೇ ಎಂದು ಕಾಣುವುದು ಸಹಜ. ಆದರೆ ಹಣ ಕೊಡುವವರು ನಾವಲ್ಲವೆ?

ಹುಡುಕುವ ಕ್ರಮ

ಗಾಡಿ ಸ್ಟಾರ್ಟಾಗದಿದ್ದರೆ ಮೊದಲು ನಗು ಬರಿಸುವಂತಹ ಕಾರಣಗಳನ್ನೇ ನೋಡಿ. ಸ್ಟಾಪ್ ಎಳೆಯುವ ಕೇಬಲ್ಲು ಪೂರ್ತಿ ಒಳಗೆ ಹೋಗಿದೆಯೇ? ತುಕ್ಕು ಹಿಡಿದ ಕೇಬಲ್ಲು ಅರ್ಧದಲ್ಲೇ ನಿಂತರೆ ಪಂಪು ಡೀಸೆಲ್ ಕೊಡುವುದಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಹಳೆಯ ಗಾಡಿಯ ಮೀಟರನ್ನು ನಂಬಬೇಡಿ. ಶುಭ್ರವಾದ ಕಡ್ಡಿ ಇಳಿಸಿ ಅಳೆಯಿರಿ. ಸೆಲ್ಫು ತಿರುಗಿಸುವಾಗ ಹೊಗೆಕೊಳವೆಯಲ್ಲಿ ಹೊಗೆ ಬರುತ್ತಿದೆಯೇ ಎಂದು ಒಬ್ಬರು ಹಿಂದೆ ನಿಂತು ನೋಡಲಿ. ಸ್ವಲ್ಪವೂ ಹೊಗೆಯಿಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಹೊಗೆ ಬರುತ್ತಿದ್ದೂ ಹತ್ತುತ್ತಿಲ್ಲವೆಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಅದು ಬೇರೆ ದಾರಿಯ ವಿಚಾರ.

ಡೀಸೆಲ್ ಹೋಗುತ್ತಿಲ್ಲವೆಂದು ಕಂಡರೆ ಟ್ಯಾಂಕಿನ ಕಡೆಯಿಂದ ಹೊರಡಿ. ಮುಚ್ಚಳ ಮತ್ತು ಗಾಳಿಕಂಡಿ, ಟ್ಯಾಂಕಿನೊಳಗಿನ ಹೀರುಕೊಳವೆ, ರಬ್ಬರು ಹೋಸು, ಅದರ ಕ್ಲಿಪ್ಪುಗಳು, ಫೀಡ್ ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿ, ಇವು ಒಂದಾದ ಮೇಲೊಂದು. ಈ ಜಾಲರಿ ಇದೆಯೆಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಫಿಲ್ಟರು ಬದಲಿಸಿದರೂ ಎಳೆತ ಬರಲಿಲ್ಲವೆಂದು ದೂರುವವರು ಅದನ್ನೊಮ್ಮೆ ಬಿಚ್ಚಿ ನೋಡಬೇಕು. ರಾಡಿ, ತುಕ್ಕಿನ ಪುಡಿ, ಒಮ್ಮೊಮ್ಮೆ ಡೀಸೆಲ್ ಕ್ಯಾನಿನ ಬಾಯಿಗೆ ತುರುಕಿದ್ದ ಬಟ್ಟೆಯ ನೂಲು ಸಹ ಅಲ್ಲಿ ಸಿಕ್ಕುತ್ತದೆ.

ತಪ್ಪು ಟ್ಯಾಂಕಿನ ಕಡೆಯೋ ಎಂಜಿನ್ ಕಡೆಯೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಹೋಸನ್ನು ಕಳಚಿ, ಅದರ ಜಾಗಕ್ಕೆ ಒಳ್ಳೆಯ ಬೇರೆ ಹೋಸು ಹಾಕಿ, ಅದರ ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ತುಂಬಿದ ಕ್ಯಾನಿನಲ್ಲಿ ಮುಳುಗಿಸಿಡಿ. ಗಾಳಿ ತೆಗೆದು ನಿಂತಲ್ಲೇ ಎಂಜಿನ್ ಓಡಿಸಿ. ಕ್ಯಾನು ಸೈಲೆನ್ಸರಿಗೆ ದೂರವಿರಬೇಕು, ಬೀಡಿ ಸೇದುವವರು ಇನ್ನೂ ದೂರವಿರಬೇಕು. ಎಂಜಿನ್ ಚೆನ್ನಾಗಿ ಓಡಿದರೆ ರೋಗ ಟ್ಯಾಂಕು ಮತ್ತು ಅದರ ಪೈಪಿನಲ್ಲಿದೆ. ಪಂಪಿನ ತಂಟೆಗೆ ಹೋಗಬೇಕಾಗಿಲ್ಲ. ಇನ್ನೊಂದು ಪರೀಕ್ಷೆಯೂ ಇದರಷ್ಟೇ ಉಪಯುಕ್ತ: ಹೀರುವ ಹೋಸಿನ ಜಾಗದಲ್ಲಿ ತಾತ್ಕಾಲಿಕವಾಗಿ ಗಾಜಿನಂತಹ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಹಾಕಿ ನೋಡುವುದು. ಗುಳ್ಳೆಗಳ ಸಾಲು ಹರಿದುಬಂದರೆ ಗಾಳಿ ಅದಕ್ಕಿಂತ ಹಿಂದೆ ಎಲ್ಲಿಯೋ ಹೊಗುತ್ತಿದೆ. ಪರೀಕ್ಷೆ ಮುಗಿದ ಮೇಲೆ ಆ ಕೊಳವೆಯನ್ನು ತೆಗೆದುಬಿಡಬೇಕು. ಅದು ಡೀಸೆಲ್ ಮತ್ತು ಶಾಖಕ್ಕೆ ಗಟ್ಟಿಯಾಗಿ ಬಿರಿಯುತ್ತದೆ.

ಟ್ಯಾಂಕು ತುಂಬಿದ್ದಾಗ ಸರಿಯಾಗಿ ಓಡಿ, ಅರ್ಧಕ್ಕಿಂತ ಕಡಿಮೆಯಾದ ಮೇಲೆ ಏರಿನಲ್ಲಿ ನಿಲ್ಲುವ ಗಾಡಿಯಲ್ಲಿ ಟ್ಯಾಂಕಿನೊಳಗಿನ ಹೀರುಕೊಳವೆಯ ಮೇಲೆ ಅನುಮಾನಪಡಿ. ಕೊಳವೆಯ ಮಧ್ಯದಲ್ಲಿ ತುಕ್ಕಿನಿಂದ ತೂತಾಗಿದ್ದರೆ, ಡೀಸೆಲ್ ಮಟ್ಟ ತೂತಿಗಿಂತ ಮೇಲಿರುವವರೆಗೆ ತೊಂದರೆಯಿಲ್ಲ. ಕೆಳಗಿಳಿದೊಡನೆ ಗಾಳಿ ಎಳೆಯುತ್ತದೆ.

ಗಾಳಿ ತೆಗೆಯುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಸಾಲುಪಂಪಿನ ಗಾಡಿಯಲ್ಲಿ ಇದು ಕಷ್ಟದ ಕೆಲಸವಲ್ಲ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಫಿಲ್ಟರಿನ ತಲೆ, ತಿರುಪುಗಳ ಸುತ್ತ ಇರುವ ಮಣ್ಣನ್ನು ಮೊದಲು ಒರೆಸಿ. ಫೀಡ್ ಪಂಪಿನ ಕೈಪಂಪನ್ನು ತಿರುಗಿಸಿ ಬಿಡಿಸಿಕೊಂಡು, ಮೊದಲನೆಯ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಒತ್ತಿ. ಡೀಸೆಲ್ ಹರಿಯುತ್ತಿರುವಾಗಲೇ ತಿರುಪು ಬಿಗಿಯಬೇಕು. ಆಮೇಲೆ ಎರಡನೆಯ ಫಿಲ್ಟರು, ಆಮೇಲೆ ದೊಡ್ಡ ಪಂಪಿನ ತಿರುಪು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಹಿಂದಿನ ಗಾಳಿ ಮುಂದಕ್ಕೆ ಬಂದು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಕೊನೆಗೆ ಕೈಪಂಪನ್ನು ಒಳಗೊತ್ತಿ ತಿರುಗಿಸಿ ಬಿಗಿ ಮಾಡುವುದನ್ನು ಮರೆಯಬಾರದು. ಅದು ಸಡಿಲವಾಗಿದ್ದರೆ ಅಲ್ಲಿಂದಲೇ ಗಾಳಿ ಹೊಗುತ್ತದೆ. ಸೆಲ್ಫನ್ನು ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಡೀಸೆಲ್ ದೋಷ ಹುಡುಕಲು ಹೋಗಿ ಬ್ಯಾಟರಿಯನ್ನೂ ಸೆಲ್ಫನ್ನೂ ಕಳೆದುಕೊಂಡವರಿದ್ದಾರೆ.

ವಾರಕ್ಕೊಮ್ಮೆ ಗಾಳಿ ತೆಗೆಯಬೇಕಾಗಿ ಬರುತ್ತಿದ್ದರೆ ಅದು ರಿಪೇರಿಯಲ್ಲ, ರೋಗದ ಮುಂದೂಡಿಕೆ. ಡೀಸೆಲ್ ಪೂರ್ತಿ ಮುಗಿದಾಗ, ಫಿಲ್ಟರು ಬದಲಿಸಿದಾಗ ಅಥವಾ ಪೈಪು ಬಿಚ್ಚಿದಾಗ ಹೊರತು ಗಾಳಿ ತೆಗೆಯುವ ಪ್ರಮೇಯವೇ ಬರಬಾರದು.

ಎಚ್ಚರಿಕೆಯ ಒಂದು ಮಾತು. ಮಿಸ್ಸಿಂಗ್ ಆಗುವ ಸಿಲಿಂಡರನ್ನು ಗುರುತಿಸಲು ಮೆಕ್ಯಾನಿಕರು ಎಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಹಳೆಯ ಗಾಡಿಗಳಲ್ಲಿ ಇದು ರೂಢಿಯಲ್ಲಿದೆ, ತಿಳಿದವರೇ ಮಾಡಲಿ. ಸೋರಿಕೆ ಎಲ್ಲಿದೆಯೆಂದು ಬೆರಳಿಟ್ಟು ನೋಡಲೇಬಾರದು. ಆ ಒತ್ತಡದ ಡೀಸೆಲ್ ಎಳೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ಒಳಗೆ ಕೊಳೆತ. ಹಾಗೇನಾದರೂ ಆದರೆ ಅರಿಸಿನ ಹಚ್ಚಿ ಮಲಗಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಏನಾಯಿತೆಂದು ವೈದ್ಯರಿಗೆ ಸರಿಯಾಗಿ ತಿಳಿಸಿ. ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು. ಇನ್ನು ಈಚಿನ ಕಾಮನ್ ರೈಲ್ ವಾಹನ ಉಳ್ಳವರು ಈ ಲೇಖನ ಓದಿ ಪಾನಾ ಹಿಡಿಯಬೇಡಿ. ಅವುಗಳ ಒತ್ತಡ ಸಾವಿರ ಬಾರ್‌ಗಿಂತಲೂ ಎಷ್ಟೋ ಮೇಲೆ. ಎಂಜಿನ್ ಓಡುವಾಗ ಅಲ್ಲಿ ನಟ್ಟು ಸಡಿಲಿಸುವುದು ಪ್ರಾಣಾಂತಿಕ.

ಮಳೆಗಾಲ ಮತ್ತು ಡೀಸೆಲ್

ನಮ್ಮ ಸೀಮೆಯಲ್ಲಿ ಡೀಸೆಲ್ಲಿನ ಮೊದಲ ಶತ್ರು ನೀರು. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಇರುವ ಮಳೆಗಾಲದ ತೇವದ ಗಾಳಿ ರಾತ್ರಿ ತಣ್ಣಗಾದಾಗ ತಗಡಿಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್ಲಿಗಿಂತ ನೀರು ಭಾರವಾದ್ದರಿಂದ ತಳದಲ್ಲಿ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ನಿಂತೇ ಇದ್ದ ಗಾಡಿ ಕೊಯ್ಲಿನ ಮೊದಲ ವಾರದಲ್ಲಿ ಫಿಲ್ಟರು ಕಟ್ಟಿಕೊಂಡು ನಿಲ್ಲುವುದು ಇದರಿಂದ.

ಪರಿಹಾರ ಸರಳ: ಗಾಡಿ ನಿಲ್ಲಿಸುವಾಗ ಟ್ಯಾಂಕು ತುಂಬಿರಬೇಕು. ಇದನ್ನು ಹೇಳಿದರೆ ಅನೇಕರು ನಗುತ್ತಾರೆ, ಕಾರಣವೂ ನನಗೆ ಗೊತ್ತು. ತುಂಬಿಸಿಟ್ಟರೆ ಡ್ರೈವರು ಕದಿಯುತ್ತಾನೆಂಬ ಸಂಶಯ. ಅದಕ್ಕಾಗಿ ಐದೈದು ಲೀಟರು ಕ್ಯಾನಿನಲ್ಲಿ ಅಳೆದು ಕೊಡುವ ಪದ್ಧತಿ. ಐದು ಲೀಟರು ಉಳಿಸಲು ಹೋಗಿ ಟ್ಯಾಂಕನ್ನು ತುಕ್ಕು ಹಿಡಿಸಿದಂತಾಯಿತು. ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿ, ಅದಕ್ಕೆ ಗಾಳಿಕಂಡಿ ಇರುವುದನ್ನು ನೋಡಿಕೊಂಡು.

ಮನೆಯಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರಿಗೆ ಎರಡು ಮಾತು. ಡ್ರಮ್ಮನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ಸಂಜೆಯ ಮಳೆಗೆ ತಣಿದಾಗ ಕುಗ್ಗಿ, ಬಿರಡೆಯ ಸುತ್ತ ನಿಂತ ಮಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಸೂರಿನ ಕೆಳಗೆ, ಸ್ವಲ್ಪ ಓರೆಯಾಗಿ ಇಡಬೇಕು. ಡ್ರಮ್ಮಿನ ತಳದ ನಾಲ್ಕು ಬೆರಳನ್ನು ಗಾಡಿಗೆ ಸುರಿಯಬೇಡಿ. ಸತುವಿನ ಲೇಪದ ಡಬ್ಬಿ, ಟ್ಯಾಂಕುಗಳಲ್ಲಿ ಡೀಸೆಲ್ಲನ್ನು ದೀರ್ಘಕಾಲ ಇಡುವುದೂ ಒಳ್ಳೆಯದಲ್ಲ. ಸತು ಕರಗಿ ಅಂಟಾಗಿ ಫಿಲ್ಟರು ಸೇರುತ್ತದೆ.

ಟ್ಯಾಂಕಿನ ತಳದ ಬಿರಡೆಯನ್ನು ಮಳೆಗಾಲ ಮುಗಿದ ಕೂಡಲೇ, ಗಾಡಿ ಒಂದು ರಾತ್ರಿ ಅಲುಗದೆ ನಿಂತ ಮೇಲೆ, ಬೆಳಿಗ್ಗೆ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಕಪ್ಪು ಪದರ ಕಂಡರೆ ಟ್ಯಾಂಕು ಇಳಿಸಿ ತೊಳೆಸುವ ಕಾಲ ಬಂದಿದೆ. ತೊಳೆಸಿದ ಟ್ಯಾಂಕಿಗೆ ಬೆಸುಗೆ ಹಾಕಿಸಬೇಕಾಗಿ ಬಂದರೆ ಬಹಳ ಜಾಗ್ರತೆ. ಖಾಲಿ ಟ್ಯಾಂಕೆಂದರೆ ಅಪಾಯವಿಲ್ಲವೆಂದು ತಿಳಿಯಬಾರದು. ಒಳಗಿನ ಆವಿಗೆ ಕಿಡಿ ತಗಲಿದರೆ ಸಿಡಿಯುತ್ತದೆ. ಹಬೆಯಿಂದ ಚೆನ್ನಾಗಿ ಶುದ್ಧ ಮಾಡಿ ಈ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಬೇಕು. ಪರವಾಗಿಲ್ಲ ಎನ್ನುವಷ್ಟು ಬೆಲೆಗೆ ಬೇರೆ ಟ್ಯಾಂಕು ಸಿಕ್ಕಿದರೆ ಅದೇ ಲೇಸು.

ಹೊಸದಾಗಿ ಏನು ಹಾಕಿಸಬೇಕು

ಹಳೆಯ ಗಾಡಿಗೆ ನನ್ನ ಮೊದಲ ಸಲಹೆ ನೀರು ಬೇರ್ಪಡಿಸುವ ಬಟ್ಟಲು, ಅಂದರೆ ಸೆಡಿಮೆಂಟರು. ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ, ಸೈಲೆನ್ಸರಿನಿಂದ ದೂರ, ಬಗ್ಗಿದರೆ ಕಣ್ಣಿಗೆ ಕಾಣುವ ಕಡೆ ಕೂರಿಸಿ. ಕೆಳಗೆ ಗಾಜಿನಂತಹ ಬಟ್ಟಲೂ ನೀರು ಬಿಡುವ ತಿರುಪೂ ಇರುವುದನ್ನೇ ಕೊಳ್ಳಿ. ಅದು ಹೀರುವ ಕಡೆ ಇರುವುದರಿಂದ ಅದರ ಎರಡು ಕೀಲುಗಳೂ ಗಾಳಿ ಹೊಗುವ ಹೊಸ ಬಾಗಿಲುಗಳೆಂಬ ನೆನಪಿರಲಿ. ಹಾಕುವಾಗ ಹೊಸ ವಾಷರು, ಸರಿಯಾದ ಅಳತೆಯ ಹೋಸು.

ಎರಡನೆಯದು ಹೋಸುಗಳು. ಹಿಂದಿನ ಕಾಲದ ರಬ್ಬರಿಗೆ ವಯಸ್ಸಾಗಿದೆ, ಡೀಸೆಲ್ಲೂ ಬದಲಾಗಿದೆ. 2017ರ ಏಪ್ರಿಲ್‌ನಿಂದ ದೇಶಾದ್ಯಂತ ಇದ್ದ ಭಾರತ್ ಸ್ಟೇಜ್ 4 ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗ; 2020ರ ಏಪ್ರಿಲ್ 1ರಿಂದ ಬಂದ ಸ್ಟೇಜ್ 6ರಲ್ಲಿ 10 ಭಾಗ ಮಾತ್ರ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಿಡ್ಡುಗುಣವೂ, ರಬ್ಬರನ್ನು ಉಬ್ಬಿಸಿ ಬಿಗಿಯಾಗಿಡುವ ಅಂಶವೂ ಸ್ವಲ್ಪ ಕಡಿಮೆಯಾಗುತ್ತದೆ. ಹಳೆಯ ಸೀಲುಗಳು ಕುಗ್ಗಿ ಜಿನುಗಬಹುದು. 2018ರ ಜೈವಿಕ ಇಂಧನ ನೀತಿ 2030ರೊಳಗೆ ಡೀಸೆಲ್ಲಿಗೆ ಶೇಕಡ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಅದೂ ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಆದ್ದರಿಂದ ಡೀಸೆಲ್ಲಿಗೆಂದೇ ಮಾಡಿದ ಹೋಸು ಹಾಕಿಸಿ, ತಿರುಪಿನ ಕ್ಲಿಪ್ಪಿನಿಂದ ಬಿಗಿಸಿ. ತೋಟಕ್ಕೆ ನೀರು ಬಿಡುವ ಪೈಪಿನ ತುಂಡು, ಸೈಕಲ್ ಟ್ಯೂಬಿನ ಸುತ್ತು, ಕಟ್ಟುವ ತಂತಿ, ಇವೆಲ್ಲ ಮನೆ ಮುಟ್ಟುವವರೆಗೆ ಮಾತ್ರ. ಪೆಟ್ರೋಲಿಗೆ ಬೆರೆಸುವ ಎಥನಾಲ್ 2025ರಲ್ಲಿ ಶೇಕಡ 20 ಮುಟ್ಟಿರುವುದರಿಂದ ಹಳೆಯ ಪೆಟ್ರೋಲ್ ಜೀಪುಳ್ಳವರಿಗೂ ಹೋಸಿನ ಮಾತು ಅನ್ವಯಿಸುತ್ತದೆ.

ಜಿಡ್ಡುಗುಣ ಕಡಿಮೆಯಾಯಿತೆಂದು ಡೀಸೆಲ್ಲಿಗೆ ಹಳೆಯ ಎಂಜಿನ್ ಆಯಿಲ್ ಬೆರೆಸುವವರಿದ್ದಾರೆ. ಬೇಡ. ಸಂಸ್ಕರಣಾಗಾರದಲ್ಲೇ ಅದಕ್ಕೆ ಬೇಕಾದ ಮಿಶ್ರಣ ಸೇರಿಸುತ್ತಾರೆ. ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರಬಾರದೆಂಬ ನಿಯಮವೇ ಇದೆ. ಕರಿ ಆಯಿಲಿನ ಮಸಿ ಫಿಲ್ಟರನ್ನೂ ನಾಜಲನ್ನೂ ಹಾಳುಮಾಡುತ್ತದೆ. ಸೀಮೆಎಣ್ಣೆ ಬೆರೆಸುವುದು ಇನ್ನೂ ಕೆಟ್ಟದ್ದು. ಕೆಲವು ಜೀಪು, ಪಿಕಪ್‌ಗಳಲ್ಲಿ ಇರುವ ರೋಟರಿ ಪಂಪಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆ ಕುಡಿದರೆ ಅದು ಬಹಳ ದಿನ ಬಾಳುವುದಿಲ್ಲ.

ಕರೆಂಟಿನ ಫೀಡ್ ಪಂಪು ಹಾಕಿಸಬಹುದೇ ಎಂದು ಕಿರಿಯ ಸದಸ್ಯರು ಕೇಳುತ್ತಾರೆ. ಸಾಲುಪಂಪಿನ ಗಾಡಿಯಲ್ಲಿ ಕಂಪನಿಯ ಫೀಡ್ ಪಂಪು ಸುಸ್ಥಿತಿಯಲ್ಲಿದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಹೀರುವ ಕಡೆಯ ತೂತನ್ನು ಮುಚ್ಚದೆ ಅದರ ಮೇಲೆ ಹೊಸ ಯಂತ್ರ ಹೇರಿದಂತಾಗುತ್ತದೆ. ಫೀಡ್ ಪಂಪಿನ ಒಳಗಿನ ಎರಡು ವಾಲ್ವು, ಸ್ಪ್ರಿಂಗು ಬದಲಿಸಿದರೆ ಸಾಮಾನ್ಯವಾಗಿ ಅದು ಮತ್ತೆ ಚೇತರಿಸಿಕೊಳ್ಳುತ್ತದೆ. ಎಂಜಿನ್ ಆಯಿಲ್ ಕಡ್ಡಿಯಲ್ಲಿ ಆಯಿಲು ತಾನಾಗಿ ಏರುತ್ತಿದ್ದರೆ, ಬೆರಳಿಗೆ ನೀರಾಗಿ ತೋರುತ್ತಿದ್ದರೆ ಸಂತೋಷಪಡಬೇಡಿ. ಎಲ್ಲಿಂದಲೋ ಡೀಸೆಲ್ ಆಯಿಲಿಗೆ ಇಳಿಯುತ್ತಿದೆ. ಗಾಡಿ ಓಡಿಸುವುದನ್ನು ನಿಲ್ಲಿಸಿ ತೋರಿಸಿ; ಬೇರಿಂಗು ಹೋದರೆ ಎಂಜಿನ್ನೇ ಹೋದಂತೆ.

ಪಂಪಿನ ಮೇಲಿನ ಸೀಲನ್ನು ಒಡೆದು 'ಪಿಕಪ್ ಜಾಸ್ತಿ' ಮಾಡಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಹೆಚ್ಚು ಡೀಸೆಲ್ ಹೋಗುತ್ತದೆ, ಅದನ್ನು ಉರಿಸಲು ಬೇಕಾದ ಗಾಳಿ ಹೆಚ್ಚಾಗುವುದಿಲ್ಲ; ಉಳಿದದ್ದು ಕರಿಹೊಗೆ. ಸ್ಟೇಜ್ 4ಕ್ಕೆ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆ ಪರೀಕ್ಷೆಯ ಮಿತಿ 65 ಹಾರ್ಟ್ರಿಜ್ ಘಟಕ. ಕರಿಹೊಗೆ ಕಂಡಾಗ ಮೊದಲು ಏರ್ ಫಿಲ್ಟರು ನೋಡಿ, ಬೇಸಿಗೆಯ ನಮ್ಮ ತೋಟದ ರಸ್ತೆಗಳಲ್ಲಿ ಅದು ಕಟ್ಟಿಕೊಳ್ಳಲು ಹೆಚ್ಚು ದಿನ ಬೇಕಾಗಿಲ್ಲ. ಅದು ಶುದ್ಧವಿದ್ದೂ ಹೊಗೆ ನಿಲ್ಲದಿದ್ದರೆ ನಾಜಲು. ನೀಲಿ ಹೊಗೆ ಎಂಜಿನ್ ಆಯಿಲಿನದು. ಬಿಳಿ ಹೊಗೆ ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಬರುತ್ತಿದ್ದರೆ ಟೈಮಿಂಗು, ಕಂಪ್ರೆಶನ್ನು ನೋಡಿಸಬೇಕು.

ಇಷ್ಟೆಲ್ಲ ನೋಡಿಯೂ ದೋಷ ಉಳಿದರೆ ಆಗ ನಾಜಲ್ಲು, ಆಮೇಲೆ ಪಂಪು. ನಾಜಲ್‌ಗಳನ್ನು ಇಳಿಸಿ ಕೈಯಿಂದ ಒತ್ತುವ ಪರೀಕ್ಷಾಯಂತ್ರದಲ್ಲಿ ನಿಮ್ಮೆದುರೇ ತೋರಿಸಲು ಹೇಳಿ. ಮಂಜಿನಂತೆ ಸಿಡಿದು ಚಕ್ಕನೆ ನಿಲ್ಲಬೇಕು, ಕೊನೆಗೆ ತೊಟ್ಟಿಕ್ಕಬಾರದು. ನಾಜಲ್ ಕೂರಿಸುವಾಗ ಹಳೆಯ ತಾಮ್ರದ ವಾಷರ್ ಒಳಗೇ ಉಳಿದು ಎರಡಾಗದಂತೆ ನೋಡಿಕೊಳ್ಳಬೇಕು. ಪಂಪು ಕ್ಯಾಲಿಬ್ರೇಶನ್ ಮಾಡಿಸಿದರೆ ಯಾವ ವೇಗದಲ್ಲಿ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಎಂದು ಬರೆದ ಚೀಟಿಯನ್ನು ಕೇಳಿ ಪಡೆಯಿರಿ, ಬದಲಿಸಿದ ಹಳೆಯ ಸಾಮಾನುಗಳನ್ನೂ ಪಡೆಯಿರಿ. ಕೊಡಲು ಹಿಂಜರಿಯುವ ಅಂಗಡಿಗೆ ಎರಡನೆಯ ಸಲ ಹೋಗಬೇಕಾಗಿಲ್ಲ.

ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ಓಡಿಸುವ ಡೀಸೆಲ್ ಎಂಜಿನ್ನಿಗೂ ಮೇಲಿನ ಬಹುಪಾಲು ಮಾತು ಸಲ್ಲುತ್ತದೆ. ಫೆಬ್ರವರಿಯಲ್ಲಿ ಹೊಳೆದಂಡೆಗೆ ಹೊತ್ತೊಯ್ದ ಮೇಲೆ ನೋಡುವ ಬದಲು ಈಗಲೇ ಒಮ್ಮೆ ಓಡಿಸಿ ನೋಡುವುದು ಲೇಸು.

ಸಂಘದ ಗೊಬ್ಬರದ ಗೋದಾಮಿನಲ್ಲಿ ಒಂದು ಪೆಟ್ಟಿಗೆ ಇಡಲಾಗಿದೆ. ಅದರಲ್ಲಿ ಸಾಲುಪಂಪಿನ ಗಾಡಿಗಳಿಗೆ ಹೊಂದುವ ಎರಡು ಅಳತೆಯ ಹೋಸು, ಕ್ಲಿಪ್ಪು, ತಾಮ್ರದ ವಾಷರುಗಳು, ಎರಡು ಜೊತೆ ಫಿಲ್ಟರು ಮತ್ತು ಪರೀಕ್ಷೆಗಾಗಿ ಪಾರದರ್ಶಕ ಕೊಳವೆಯ ಒಂದು ತುಂಡು ಇವೆ. ಸದಸ್ಯರು ಅಸಲು ಬೆಲೆಗೆ ಪಡೆಯಬಹುದು. ಕೊಳವೆಯನ್ನು ಮಾತ್ರ ತೊಳೆದು ಹಿಂದಿರುಗಿಸಬೇಕು. ಬೀಗದ ಕೈ ಗುಮಾಸ್ತರ ಬಳಿ ಇದೆ. ಭಾನುವಾರ ಬೇಕಾದವರು ಶನಿವಾರ ಸಂಜೆಯೊಳಗೆ ತಿಳಿಸತಕ್ಕದ್ದು.